ಹೂಳಿಗೆ ಮೊದಲು ಬಚ್ಚಲ ನೀರು

ತೂತ್ತುಕುಡಿಯಲ್ಲಿ ಎರಡು ವರ್ಷ ನಾನು ಹವಳದ ದಿಬ್ಬಗಳನ್ನು ಮತ್ತೆ ಬೆಳೆಸುವವರ ದೋಣಿಯಲ್ಲಿ ದುಡಿದೆ. ಮನ್ನಾರ್ ಕೊಲ್ಲಿಯ ಆ ಭಾಗದಲ್ಲಿ ಸುಣ್ಣಕ್ಕಾಗಿ ದಶಕಗಟ್ಟಲೆ ಹವಳ ಕಿತ್ತು ಸಮುದ್ರತಳ ಬೋಳಾಗಿತ್ತು. ಜೀವಂತ ಹವಳದ ಬೆರಳುದ್ದದ ತುಂಡುಗಳನ್ನು ಸಿಮೆಂಟಿನ ಹಲಗೆಗೆ ಕಟ್ಟಿ ಕೆಳಗಿಳಿಸುತ್ತಿದ್ದೆವು. ದೋಣಿ ನಡೆಸುತ್ತಿದ್ದವರ ತಂದೆ ಹವಳ ಕೀಳುತ್ತಿದ್ದವರೇ. “2001ರಲ್ಲಿ ಕಾನೂನಿನ ರಕ್ಷಣೆ ಬರದಿದ್ದರೆ, ನೀವು ನೆಟ್ಟದ್ದೂ ಸುಣ್ಣದ ಭಟ್ಟಿಗೇ ಹೋಗುತ್ತಿತ್ತು” ಎಂದು ಅವರು ಒಮ್ಮೆ ಹೇಳಿದರು.

ಬೀದರ್ ತಾಲ್ಲೂಕಿನ ನಮ್ಮ ಊರಿಗೆ ಮರಳಿದಾಗ ಹಿರಿಯರು ಸೇದುವ ಬಾವಿಯ ಹೂಳೆತ್ತುವ ಮಾತಾಡುತ್ತಿದ್ದರು. ದೋಣಿಯವರ ಆ ಮಾತು ನೆನಪಾಗಿ, ಮೊದಲು ಮೇಲಿನ ಓಣಿಯ ಬಚ್ಚಲ ನೀರು ನಿಲ್ಲಿಸೋಣ ಎಂದೆ. ನಮ್ಮ ನೆಲದ ಗುಣವೇ ಅಂಥದ್ದು. ಮೇಲೆ ತೂತುತೂತಾದ ಜಂಬಿಟ್ಟಿಗೆ, ಅಡಿಯಲ್ಲಿ ಗಟ್ಟಿ ಕರಿಗಲ್ಲು. ಮೇಲೆ ಬಿದ್ದ ನೀರು ಜಂಬಿಟ್ಟಿಗೆಯಲ್ಲಿ ಇಳಿದು, ಕರಿಗಲ್ಲಿನ ನೆತ್ತಿಯ ಮೇಲೆ ಹರಿದು ಬಾವಿಗೆ ಒಸರುತ್ತದೆ. ಬಹಮನಿಗಳ ಕಾಲದಲ್ಲಿ ಬೀದರ್ ಪಕ್ಕದ ನೌಬಾದಿನಲ್ಲಿ ಕರೇಜ್, ಅಂದರೆ ನೆಲದಡಿಯ ನೀರು ತರುವ ಸುರಂಗ, ಕೊರೆದವರು ನಂಬಿದ್ದು ಈ ಒಸರನ್ನೇ. ಮಳೆಯ ನೀರು ಬರುವ ದಾರಿಯಲ್ಲೇ ಬಚ್ಚಲಿನದೂ ಬರುತ್ತದೆ.

ಮೇಲಿನ ಓಣಿಯ ಮೊದಲ ಮನೆ ನಮ್ಮ ದೊಡ್ಡ ಕಾಕಾನದು. ಮೂರು ತಿಂಗಳು ಸಂಜೆ ಹೊತ್ತು ಅವರ ಕಟ್ಟೆಯ ಮೇಲೆ ಕುಳಿತೆ. “ನಲ್ಲಿ ಬಂದ ಮೇಲೆ ಆ ಬಾವಿ ಯಾರಿಗೆ ಬೇಕು, ತಮ್ಮಾ?” ಎನ್ನುತ್ತಿದ್ದರು. ಒಂದು ದಿನ ಒಳಗಿನಿಂದ ಕಾಕಿ, “ಹೋದ ಬೇಸಿಗೆ ಟ್ಯಾಂಕರಿಗೆ ಕಾದು ನಿಂತವಳು ನಾನು, ನೀವಲ್ಲ” ಎಂದರು. ಮರುವಾರ ಕಾಕಾ ತಾವೇ ಗುದ್ದಲಿ ಹಿಡಿದು ಪೈಪಿನ ಕಾಲುವೆ ತೋಡಿದರು. ಇಡೀ ಕೆಲಸದಲ್ಲಿ ನನಗೆ ದೊಡ್ಡದೆನಿಸಿದ್ದು ಆ ಬೆಳಗು.

ಹೂಳೆತ್ತಿದ್ದು ಬೇಸಿಗೆಯಲ್ಲಿ. ದಿನವೂ ಮೊದಲು ಉರಿಯುವ ಕಂದೀಲು ಇಳಿಸುತ್ತಿದ್ದೆವು. ಅದು ನಂದಿದರೆ ಯಾರೂ ಇಳಿಯುವಂತಿಲ್ಲ. ಬಾವಿಯ ಮೀನುಗಳನ್ನೂ ಎರಡು ಆಮೆಗಳನ್ನೂ ದನದ ತೊಟ್ಟಿಯಲ್ಲಿ ಇಟ್ಟುಕೊಂಡೆವು. ಗೋಡೆಯಲ್ಲಿ ಬೇರಿಳಿಸಿದ್ದ ಅರಳಿಯನ್ನು ಕೀಳಲಿಲ್ಲ, ಕಿತ್ತರೆ ಕಲ್ಲೂ ಬರುತ್ತದೆ, ಚಿಗುರಿದಾಗಲೆಲ್ಲ ಸವರಿದೆವು. ತಪ್ಪಿದ್ದು ಒಂದು ಕಡೆ. ಬೇಗ ಮುಗಿಯಲೆಂದು ನಾನು ಇಡೀ ದಿನ ಮೋಟಾರು ಓಡಿಸಿದೆ. ನೀರು ಸರ್ರನೆ ಇಳಿಯಿತು, ಗೋಡೆಯ ಹಿಂದಿನ ಹಸಿ ಮಣ್ಣು ಒತ್ತಿ ರಾತ್ರಿ ಅದರ ಒಂದು ಬದಿ ಕುಸಿಯಿತು. ಒಳಗೆ ಯಾರೂ ಇರಲಿಲ್ಲ. ಅಂದಿನಿಂದ ದಿನಕ್ಕೆ ಎರಡೇ ಅಡಿ ಇಳಿಸಿದೆವು. ಮಹಿಳಾ ಸಂಘದವರು ಪ್ಲಾಸ್ಟಿಕ್ ಆರಿಸಿ ತೆಗೆದ ಮೇಲೆ ಹೂಳು ತೊಗರಿ ಹೊಲಗಳಿಗೆ ಹೋಯಿತು.

ಈಗ ಎರಡು ಮಳೆಗಾಲ ಕಳೆದಿವೆ. ಆಮೆಗಳು ಮೆಟ್ಟಿಲ ಮೇಲೆ ಬಿಸಿಲು ಕಾಯಿಸುತ್ತವೆ. ನೀರನ್ನು ದನಕ್ಕೂ ಬಟ್ಟೆಗೂ ಬಳಸುತ್ತೇವೆ, ಕುಡಿಯುವುದಿಲ್ಲ. ಮೇಲಿನ ಓಣಿಯಲ್ಲಿ ಇನ್ನೂ ಎರಡು ಮನೆಗಳ ಬಚ್ಚಲು ಇತ್ತಲೇ ಹರಿಯುತ್ತಿದೆ. ದಸರಾ ಮುಗಿದ ಮೇಲೆ ಕಾಕಾ ಮತ್ತು ನಾನು ಆ ಮನೆಗಳ ಕಟ್ಟೆಗೆ ಹೋಗಿ ಕೂರುತ್ತೇವೆ.