ಬಾವಿ ನೀರನ್ನು ಲ್ಯಾಬಿಗೆ ಕಳಿಸುವ ಮೊದಲು ನಾನು ಮಾಡಿದ್ದು

ಆರ್ಸೆನಿಕ್‌ಗೆ ಬಣ್ಣವಿಲ್ಲ, ರುಚಿಯಿಲ್ಲ, ವಾಸನೆಯಿಲ್ಲ. ಫ್ಲೋರೈಡ್, ಯುರೇನಿಯಂ ಕೂಡ ಹಾಗೇ. ಸಾಮಾನ್ಯವಾಗಿ ಇವನ್ನು ಯಾರೂ ತಂದು ಸುರಿದಿರುವುದಿಲ್ಲ. ನೀರು ವರ್ಷಗಟ್ಟಲೆ ಬಂಡೆ, ಮಣ್ಣಿನ ನಡುವೆ ನಿಂತು ತಾನೇ ಕರಗಿಸಿಕೊಂಡಿರುತ್ತದೆ. ನಮ್ಮ ಬಾವಿ ನೀರು ತಿಳಿಯಾಗಿತ್ತು, ಕುಡಿಯಲು ಹಿತವಾಗಿತ್ತು. ಆದರೂ ಪರೀಕ್ಷೆ ಮಾಡಿಸಿದ್ದಕ್ಕೆ ಇದೇ ಕಾರಣ.

ಟಿಡಿಎಸ್ ಮೀಟರ್ ಮನೆಯಲ್ಲೇ ಇತ್ತು, ಅದರಲ್ಲಿ ಅಂಕಿ ಕಡಿಮೆಯೇ ಬರುತ್ತಿತ್ತು. ಅದನ್ನು ನಾನು ನಂಬಿ ಕೂರಲಿಲ್ಲ. ಆ ಮೀಟರ್ ಅಳೆಯುವುದು ನೀರಿನಲ್ಲಿ ವಿದ್ಯುತ್ ಎಷ್ಟು ಹರಿಯುತ್ತದೆ ಎಂಬುದನ್ನು. ಅದರಿಂದ ಒಟ್ಟು ಲವಣ ಎಷ್ಟು ಎಂದು ಅಂದಾಜು ಮಾಡುತ್ತದೆ, ಅಷ್ಟೇ. ಒಂದು ಲೀಟರ್ ನೀರಿನಲ್ಲಿ ಮುನ್ನೂರು ಮಿಲಿಗ್ರಾಂ ಲವಣದ ನಡುವೆ 0.02 ಮಿಲಿಗ್ರಾಂ ಆರ್ಸೆನಿಕ್ ಇದ್ದರೆ ಅದಕ್ಕೆ ಗೊತ್ತೇ ಆಗುವುದಿಲ್ಲ. ಆದರೆ ಅಷ್ಟು ಆರ್ಸೆನಿಕ್ ಎಂದರೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿಯ ಎರಡು ಪಟ್ಟು.

ಲ್ಯಾಬಿಗೆ ಮೊದಲೇ ಫೋನ್ ಮಾಡಿ ಏನೇನು ಬೇಕು ಎಂದು ಬಿಡಿಸಿ ಹೇಳಿದೆ: ಆರ್ಸೆನಿಕ್, ಫ್ಲೋರೈಡ್, ಯುರೇನಿಯಂ, ಮ್ಯಾಂಗನೀಸ್, ಕಬ್ಬಿಣ, ಜೊತೆಗೆ ಕ್ಯಾಲ್ಸಿಯಂ ಮತ್ತು ಪಿಹೆಚ್ (ನೀರು ಆಮ್ಲವೋ ಕ್ಷಾರವೋ ಎಂದು ತೋರಿಸುವ ಅಂಕಿ). ಸುಮ್ನೆ 'ನೀರು ಟೆಸ್ಟ್ ಮಾಡಿ' ಎಂದರೆ ಗಡಸುತನ, ಕ್ಲೋರೈಡ್, ಬ್ಯಾಕ್ಟೀರಿಯಾ ನೋಡಿ ಮುಗಿಸುವುದೂ ಉಂಟು. ಬಾಟಲಿಗಳನ್ನೂ ಅವರಿಂದಲೇ ತರಿಸಿಕೊಂಡೆ.

ಸ್ಯಾಂಪಲ್ ಹಿಡಿಯುವ ಕೆಲಸಕ್ಕೆ ನಾನು ಅತಿ ಹೆಚ್ಚು ಗಮನ ಕೊಟ್ಟೆ. ಲ್ಯಾಬಿನ ಯಂತ್ರ ಎಷ್ಟೇ ದುಬಾರಿಯದಾಗಲಿ, ಬಾಟಲಿಯಲ್ಲಿ ಏನಿದೆಯೋ ಅದನ್ನೇ ತಾನೇ ಅಳೆಯುವುದು? ಬಾವಿಯ ಗುಣ ತಿಳಿಯಬೇಕಾದರೆ ಬಾವಿಯದೇ ನೀರು ಬೇಕು. ಹಾಗಾಗಿ ಟ್ಯಾಂಕ್, ಫಿಲ್ಟರ್ ಯಾವುದಕ್ಕೂ ಹೋಗುವ ಮೊದಲು, ಪಂಪಿನ ಪಕ್ಕದ ನಲ್ಲಿಯಲ್ಲಿ ಹಿಡಿದೆ. ನಲ್ಲಿಯ ಬಾಯಿಯ ಜರಡಿ ಬಿಚ್ಚಿದೆ. ರಾತ್ರಿಯೆಲ್ಲ ಪೈಪಿನಲ್ಲಿ ನಿಂತ ನೀರಿಗೆ ಪೈಪಿನದೇ ತಾಮ್ರ, ಸೀಸ ಸೇರಿರಬಹುದು. ಅದಕ್ಕೇ ಪಂಪ್ ಓಡಿಸಿ, ಕೈಗೆ ನೀರಿನ ತಂಪು ಒಂದೇ ಸಮ ಅನ್ನಿಸುವವರೆಗೆ ಹರಿಯಲು ಬಿಟ್ಟೆ. ಪೈಪಿನ ಸೀಸದ ಮೇಲೆ ಅನುಮಾನ ಇರುವವರು ಇದರ ಉಲ್ಟಾ ಮಾಡಬೇಕು: ಬೆಳಿಗ್ಗೆ ಅಡುಗೆಮನೆ ನಲ್ಲಿಯ ಮೊದಲ ನೀರನ್ನೇ ಹಿಡಿಯಬೇಕು.

ಲೋಹಗಳಿಗೆಂದು ಕೊಟ್ಟ ಬಾಟಲಿಯ ತಳದಲ್ಲಿ ಕೆಲವು ಹನಿ ನೈಟ್ರಿಕ್ ಆಸಿಡ್ ಇತ್ತು. ಲೋಹ ಬಾಟಲಿಯ ಗೋಡೆಗೆ ಅಂಟಿಕೊಳ್ಳದೆ ನೀರಿನಲ್ಲೇ ಉಳಿಯಲಿ ಎಂದು ಅದನ್ನು ಹಾಕಿರುತ್ತಾರೆ. ಅದನ್ನು ತೊಳೆಯಬಾರದು, ಉಕ್ಕಿ ಚೆಲ್ಲುವಷ್ಟು ತುಂಬಿಸಲೂಬಾರದು. ಕೈಗವಸು ಹಾಕಿಕೊಂಡು, ಮುಚ್ಚಳದ ಒಳಭಾಗ ಮುಟ್ಟದೆ, ಕುತ್ತಿಗೆಯವರೆಗೆ ತುಂಬಿಸಿದೆ. ಫ್ಲೋರೈಡ್‌ಗೆ ಆಸಿಡ್ ಇಲ್ಲದ ಬೇರೆ ಪ್ಲಾಸ್ಟಿಕ್ ಬಾಟಲಿ. ಗಾಜಿನದು ಬೇಡ, ಫ್ಲೋರೈಡ್ ಗಾಜಿನ ಜೊತೆ ಬೆರೆಯುವ ಸ್ವಭಾವದ್ದು.

ಇನ್ನೊಂದು ವಿಷಯ. ನೀರು ಕದಡಿದ್ದರೆ ಸ್ಯಾಂಪಲ್ ಹಿಡಿಯಬೇಡಿ. ಕೆಸರಿನ ಕಣಗಳಿಗೆ ಅಂಟಿದ ಕಬ್ಬಿಣ, ಮ್ಯಾಂಗನೀಸ್, ಆರ್ಸೆನಿಕ್ ಎಲ್ಲವನ್ನೂ ಆ ಆಸಿಡ್ ಬಿಡಿಸಿ ನೀರಿಗೆ ಸೇರಿಸುತ್ತದೆ, ಅಂಕಿ ಸುಮ್ಮನೆ ಏರುತ್ತದೆ. ಹೂಳೆತ್ತಿಸಿದ ಮೇಲೆ ನೀರು ತಿಳಿಯಾಗುವವರೆಗೆ ಕಾಯುವುದೇ ಸರಿ.

ವರದಿ ಬಂದಾಗ ಮೊದಲು ಅಳತೆಯ ಕಾಲಂ ನೋಡಿದೆ. ಲೀಟರಿಗೆ ಮಿಲಿಗ್ರಾಂ ಬೇರೆ, ಮೈಕ್ರೋಗ್ರಾಂ ಬೇರೆ. ನಡುವೆ ಸಾವಿರ ಪಟ್ಟು ಅಂತರವಿದೆ. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯಲ್ಲಿ ಒಂದು ಲೀಟರಿಗೆ ಆರ್ಸೆನಿಕ್ 10 ಮೈಕ್ರೋಗ್ರಾಂ, ಯುರೇನಿಯಂ 30 ಮೈಕ್ರೋಗ್ರಾಂ, ಫ್ಲೋರೈಡ್ 1.5 ಮಿಲಿಗ್ರಾಂ. ನಮ್ಮಲ್ಲಿ ಆರ್ಸೆನಿಕ್ '1 ಮೈಕ್ರೋಗ್ರಾಂಗಿಂತ ಕಡಿಮೆ' ಎಂದು ಬಂದಿತ್ತು. ಅದರರ್ಥ ಸೊನ್ನೆ ಎಂದಲ್ಲ, ಆ ಯಂತ್ರ ಗುರುತಿಸುವ ಮಟ್ಟದ ಕೆಳಗಿದೆ ಎಂದು. ಯುರೇನಿಯಂ ಮಿತಿಯೊಳಗಿತ್ತು. ಫ್ಲೋರೈಡ್ ಮಾತ್ರ 2.1 ಮಿಲಿಗ್ರಾಂ.

ಕ್ಯಾಲ್ಸಿಯಂ ಅಂಕಿ ನೋಡಿದಾಗ ಕಾರಣವೂ ತಿಳಿಯಿತು. ಅದು ತೀರಾ ಕಡಿಮೆ ಇತ್ತು. ನೀರಿನಲ್ಲಿ ಕ್ಯಾಲ್ಸಿಯಂ ಸಾಕಷ್ಟಿದ್ದರೆ ಫ್ಲೋರೈಡನ್ನು ಹಿಡಿದು ಕ್ಯಾಲ್ಸಿಯಂ ಫ್ಲೋರೈಡ್ ಆಗಿ ಕೆಳಗಿಳಿಸಿಬಿಡುತ್ತದೆ. ಇಲ್ಲದಿದ್ದರೆ ಫ್ಲೋರೈಡ್ ಕರಗಿಯೇ ಉಳಿಯುತ್ತದೆ. ಸೋಪು ಚೆನ್ನಾಗಿ ನೊರೆಯಾಗುವ, ಪಾತ್ರೆಗೆ ಬಿಳಿ ಕಲೆ ಕಟ್ಟದ ಮೆದು ನೀರನ್ನು ನಾವೆಲ್ಲ ಒಳ್ಳೆಯ ನೀರು ಎನ್ನುತ್ತೇವೆ, ಅಲ್ವಾ? ಫ್ಲೋರೈಡ್ ಮಟ್ಟಿಗೆ ಅಂಥ ನೀರನ್ನೇ ಮೊದಲು ಪರೀಕ್ಷಿಸಬೇಕು ಎಂದು ನಾನು ಈಗ ಎಲ್ಲರಿಗೂ ಹೇಳುತ್ತೇನೆ. ಅದರಲ್ಲೂ ಮನೆಯಲ್ಲಿ ಎಂಟು ವರ್ಷದೊಳಗಿನ ಮಕ್ಕಳಿದ್ದರೆ ತಡ ಮಾಡಬಾರದು. ಶಾಶ್ವತ ಹಲ್ಲುಗಳು ಒಳಗೆ ರೂಪುಗೊಳ್ಳುವ ಆ ವಯಸ್ಸಿನಲ್ಲಿ ಫ್ಲೋರೈಡ್ ಜಾಸ್ತಿಯಾದರೆ ಹಲ್ಲಿನ ಮೇಲೆ ಕಲೆ ಉಳಿದುಬಿಡುತ್ತದೆ.

ಕುದಿಸುವುದರಿಂದ ಇದು ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಫ್ಲೋರೈಡ್ ಪ್ರಮಾಣ ಏರುತ್ತದೆ. ಸಾದಾ ಇದ್ದಿಲಿನ ಫಿಲ್ಟರ್ ಕೂಡ ಇದಕ್ಕೆ ಉಪಯೋಗವಿಲ್ಲ. ಕುಡಿಯಲು, ಅಡುಗೆಗೆ ಮಾತ್ರ ಆರ್‌ಒ (ನೀರನ್ನು ತೆಳು ಪೊರೆಯ ಮೂಲಕ ಒತ್ತಿ ಶುದ್ಧ ಮಾಡುವ ಯಂತ್ರ) ಹಾಕಿಸಿದೆ. ಸ್ನಾನಕ್ಕೆ, ಬಟ್ಟೆ ಒಗೆಯಲು ಬಾವಿಯದೇ ನೀರು, ಫ್ಲೋರೈಡ್ ಒಳಹೋಗುವುದು ಮುಖ್ಯವಾಗಿ ಬಾಯಿಂದ. ಆರ್‌ಒ ಹಾಕಿದ ಮೇಲೆ ಅದರಿಂದ ಬರುವ ನೀರನ್ನೂ ಅದೇ ಲ್ಯಾಬಿಗೆ ಕಳಿಸಿದೆ, ಫ್ಲೋರೈಡ್ ಮಿತಿಯ ಕೆಳಗೆ ಇಳಿದಿತ್ತು. ಅದರೊಳಗಿನ ಪೊರೆ (ಮೆಂಬ್ರೇನ್) ಹಳೆಯದಾದಂತೆ ಈ ಅಂಕಿ ಮೇಲೇರಬಹುದು, ಹಾಗಾಗಿ ಅದನ್ನು ಆಗಾಗ ನೋಡಿಸುತ್ತೇನೆ. ಬಾವಿಯ ನೀರನ್ನು ಮಳೆಗಾಲ ಮುಗಿದಾಗ ಒಮ್ಮೆ, ಬಿರುಬೇಸಿಗೆಯಲ್ಲಿ ಒಮ್ಮೆ ಪರೀಕ್ಷಿಸಿ, ವರದಿಯ ಮೇಲೆ ಅಂದಿನ ನೀರಿನ ಮಟ್ಟವನ್ನೂ ಬರೆದಿಡುತ್ತೇನೆ. ಬಾವಿ ಆಳ ಮಾಡಿಸಿದರೆ ಹಳೆಯ ವರದಿ ಲೆಕ್ಕಕ್ಕಿಲ್ಲ, ಎಲ್ಲವನ್ನೂ ಹೊಸದಾಗಿ ಮಾಡಿಸಬೇಕು.