“ಜಾಗ ಇಲ್ಲ” ಅನ್ನಲು ಕಲಿತದ್ದು

ಮಳೆ ಹಿಡಿಯಿತು ಅಂದರೆ ಬೆಳಗ್ಗೆ ಗೇಟು ತೆಗೆಯಲು ನನಗೆ ಹೆದರಿಕೆ. ಹೊರಗೆ ರಟ್ಟಿನ ಪೆಟ್ಟಿಗೆ ಇದ್ದರೆ? ಕಳೆದ ಜೂನ್‌ನಲ್ಲಿ ಒಂದು ದಿನ ಇತ್ತು. ಬಿಸ್ಕತ್ತಿನ ಪೆಟ್ಟಿಗೆ, ಅಡಿಭಾಗ ನೆನೆದು ಕೈಗೆ ಕಿತ್ತು ಬರುತ್ತಿತ್ತು. ಒಳಗೆ ಐದು ಬೆಕ್ಕಿನ ಮರಿಗಳು. ಇನ್ನೂ ಕಣ್ಣು ಬಿಟ್ಟಿರಲಿಲ್ಲ. ಎರಡು ಕೂಗುತ್ತಿದ್ದವು, ಮೂರು ತಣ್ಣಗೆ ಬಿದ್ದಿದ್ದವು.

ಇಂಥ ಹೊತ್ತಿನಲ್ಲಿ ಎಲ್ಲರೂ ಮೊದಲು ಹಾಲು ಹುಡುಕುತ್ತಾರೆ. ನಾನೂ ಶುರುವಿನಲ್ಲಿ ಹಾಗೇ ಮಾಡಿ ಮರಿಗಳನ್ನು ಕಳೆದುಕೊಂಡಿದ್ದೇನೆ. ಮೈ ತಣ್ಣಗಿರುವ ಮರಿಗೆ ಹಾಲು ಜೀರ್ಣವಾಗುವುದಿಲ್ಲ. ಮೊದಲು ಬಿಸಿ ಬೇಕು. ಬಾಟಲಿಗೆ ಬಿಸಿನೀರು ತುಂಬಿಸಿ, ಹಳೇ ಬೈರಾಸು ಸುತ್ತಿ, ಮರಿಗಳ ಬದಿಗೆ ಇಡಬೇಕು. ಹೊಟ್ಟೆ ಮುಟ್ಟಿದರೆ ಬೆಚ್ಚಗೆ ಅನಿಸಿದ ಮೇಲೆಯೇ ಹಾಲು. ಅದೂ ದನದ ಹಾಲಲ್ಲ, ಅದರಿಂದ ಭೇದಿ ಶುರುವಾಗುತ್ತದೆ. ಬೆಕ್ಕಿನ ಮರಿಗೆಂದೇ ಸಿಗುವ ಹಾಲಿನ ಪುಡಿ ಕದಡಿ, ಎರಡು ಮೂರು ಗಂಟೆಗೊಮ್ಮೆ, ರಾತ್ರಿಯೂ. ಮಗುವಿನ ಹಾಗೆ ಅಂಗಾತ ಮಲಗಿಸಿ ಕುಡಿಸಿದರೆ ಹಾಲು ಶ್ವಾಸಕೋಶಕ್ಕೆ ಹೋಗುತ್ತದೆ. ಹೊಟ್ಟೆ ಕೆಳಗೆ ಮಾಡಿ ಕವುಚಿ ಮಲಗಿಸಿಯೇ ಕುಡಿಸಬೇಕು. ಕುಡಿದ ಮೇಲೆ ಒದ್ದೆ ಹತ್ತಿಯಿಂದ ಹಿಂಭಾಗ ಮೆಲ್ಲಗೆ ಉಜ್ಜಿದರೆ ಮಾತ್ರ ಉಚ್ಚೆ ಹೊಯ್ಯುತ್ತವೆ, ತಾಯಿ ನೆಕ್ಕಿ ಮಾಡಿಸುವ ಕೆಲಸ ಅದು. ಐದರಲ್ಲಿ ಮೂರು ಉಳಿದವು.

ನಾವು ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆ, ಸೀತಾಂಗೋಳಿ, ಬದಿಯಡ್ಕ ಸುತ್ತಿನಲ್ಲಿ ಬೀದಿಯ ನಾಯಿ, ಬೆಕ್ಕುಗಳನ್ನು ನೋಡಿಕೊಳ್ಳುವ ಏಳು ಜನ. ನಾನು ಶಾಲೆಯಲ್ಲಿ ಟೀಚರ್. ಒಬ್ಬರು ರಿಕ್ಷಾ ಓಡಿಸುತ್ತಾರೆ, ಇಬ್ಬರು ಕಾಲೇಜು ಹುಡುಗರು, ಒಬ್ಬಳು ಬ್ಯಾಂಕಿನಲ್ಲಿದ್ದಾಳೆ, ಇಬ್ಬರು ಮನೆ ನೋಡಿಕೊಳ್ಳುವ ಅಕ್ಕಂದಿರು. ಶುರುವಾದದ್ದು 2020ರ ಮಾರ್ಚ್‌ನಲ್ಲಿ. ಕೊರೊನಾ ಲಾಕ್‌ಡೌನ್. ಕರ್ನಾಟಕಕ್ಕೆ ಹೋಗುವ ತಲಪಾಡಿ ಗಡಿ ಮುಚ್ಚಿತ್ತು, ಹೋಟೆಲುಗಳೂ ಮೀನು ಮಾರ್ಕೆಟೂ ಮುಚ್ಚಿದ್ದವು. ಪೇಟೆಯ ನಾಯಿಗಳಿಗೆ ಒಂದು ತುತ್ತೂ ಇರಲಿಲ್ಲ. ಆಗ ಮುಖ್ಯಮಂತ್ರಿಯಾಗಿದ್ದ ಪಿಣರಾಯಿ ವಿಜಯನ್ ಬೀದಿ ನಾಯಿಗಳ ಹಸಿವಿನ ಬಗ್ಗೆ ಪತ್ರಿಕಾಗೋಷ್ಠಿಯಲ್ಲೇ ಹೇಳಿದ್ದರಿಂದ ನಮಗೆ ಹೊರಗೆ ಹೋಗಲು ಸ್ವಲ್ಪ ಧೈರ್ಯ ಬಂತು. ತೋಟದಲ್ಲಿ ಬಿದ್ದ ಅಡಿಕೆ ಹಾಳೆಯನ್ನು ಕತ್ತರಿಸಿ ತಟ್ಟೆ ಮಾಡಿ, ಮನೆಯ ಗಂಜಿಯನ್ನೇ ಬಡಿಸಿದೆವು. ಗಡಿ ತೆರೆಯಿತು, ಹೋಟೆಲೂ ತೆರೆಯಿತು. ನಮ್ಮ ಕೆಲಸ ನಿಲ್ಲಲಿಲ್ಲ.

ಮರುವರ್ಷ ನಮ್ಮಲ್ಲಿ ಒಬ್ಬ ಅಕ್ಕ ತಮ್ಮ ಹಳೇ ಕೊಟ್ಟಿಗೆ ಬಿಟ್ಟುಕೊಟ್ಟರು. ಅಲ್ಲೇ ದೊಡ್ಡ ತಪ್ಪಾಯಿತು. ಯಾರು ಮರಿ ತಂದರೂ ಬೇಡ ಅನ್ನಲಿಲ್ಲ. ಹದಿನಾಲ್ಕು ನಾಯಿಮರಿ ಸೇರಿದವು. ಒಂದು ಸಂಜೆ ಮಾರ್ಕೆಟ್ ಬದಿಯಿಂದ ಒಂದು ಕಪ್ಪು ಮರಿ ಬಂತು. ಸ್ವಲ್ಪ ಮಂಕಾಗಿತ್ತು. ಹಸಿವು ಇರಬೇಕು ಅಂದುಕೊಂಡು ಉಳಿದವುಗಳ ಜೊತೆ ಬಿಟ್ಟೆ. ಬಿಟ್ಟವಳು ನಾನೇ. ರಾತ್ರಿ ವಾಂತಿ ಮಾಡಿತು. ಮರುದಿನ ರಕ್ತಭೇದಿ. ಅದು ಪಾರ್ವೋ, ನಾಯಿಮರಿಗಳಿಗೆ ಬರುವ ವೈರಸ್ ಕಾಯಿಲೆ. ಅದರ ಆ ವಾಸನೆ ಒಮ್ಮೆ ಮೂಗಿಗೆ ಬಡಿದರೆ ಮತ್ತೆ ಮರೆಯುವುದಿಲ್ಲ. ಐದಾರು ದಿನದಲ್ಲಿ ಉಳಿದ ಮರಿಗಳಿಗೂ ಹರಡಿತು. ಸಾಲಾಗಿ ಮಲಗಿಸಿ, ಮಾಡಿನ ಪಕ್ಕಾಸಿಗೆ ಬಳ್ಳಿ ಕಟ್ಟಿ ಡ್ರಿಪ್ ಬಾಟಲಿ ತೂಗು ಹಾಕಿದೆವು. ಕಾಲೇಜು ಹುಡುಗರು ಪರೀಕ್ಷೆಯ ಪುಸ್ತಕ ಹಿಡಿದುಕೊಂಡು ಅಲ್ಲೇ ರಾತ್ರಿ ಕೂತರು. ಒಂಬತ್ತು ಸತ್ತವು.

ಡಾಕ್ಟರು ಬೈಯಲಿಲ್ಲ. ನೆಲ ನೋಡಿ ಹೇಳಿದರು, “ಇದು ಮಣ್ಣಿನ ನೆಲ. ಸಿಮೆಂಟ್ ಆಗಿದ್ದರೆ ಬ್ಲೀಚಿಂಗ್ ನೀರಿನಲ್ಲಿ ತೊಳೆಯಬಹುದಿತ್ತು. ಮಣ್ಣಿನಲ್ಲಿ ಈ ವೈರಸ್ ವರ್ಷದವರೆಗೂ ಇರಬಹುದು.” ಅದೇ ದಿನ ಕೊಟ್ಟಿಗೆಗೆ ಬೀಗ ಹಾಕಿದೆವು.

ಅಲ್ಲಿಂದ ನಾವು ಒಂದು ಮಾತು ಕಲಿತೆವು: “ನಮ್ಮಲ್ಲಿ ಜಾಗ ಇಲ್ಲ.” ಆದರೆ ಅಷ್ಟಕ್ಕೇ ಫೋನ್ ಇಡುವುದಿಲ್ಲ. “ಮರಿ ನಿಮ್ಮಲ್ಲೇ ಇರಲಿ. ಹಾಲಿನ ಪುಡಿ, ಜಂತುಹುಳದ ಔಷಧಿ, ವ್ಯಾಕ್ಸಿನ್ ನಮ್ಮದು. ಮನೆ ಹುಡುಕುವುದೂ ನಮ್ಮದು. ತಾಯಿ ಎಲ್ಲಿದೆ ಹೇಳಿ, ಮತ್ತೆ ಮರಿಯಾಗದ ಹಾಗೆ ಆಪರೇಷನ್ ಮಾಡಿಸುತ್ತೇವೆ” ಅನ್ನುತ್ತೇವೆ. ನಾಯಿಮರಿಗೆ ಆರರಿಂದ ಎಂಟು ವಾರಕ್ಕೆ ಮೊದಲ ಇಂಜೆಕ್ಷನ್, ಆಮೇಲೆ ಮೂರು ನಾಲ್ಕು ವಾರಕ್ಕೊಮ್ಮೆ, ಹದಿನಾರು ವಾರ ತುಂಬುವವರೆಗೆ. ಹೊಸ ಮರಿಯನ್ನು ಎರಡು ವಾರ ಬೇರೆ ಮರಿಗಳ ಹತ್ತಿರ ಬಿಡುವಂತಿಲ್ಲ. ಮರಿಗೆ ಜ್ವರ ಬಂದರೆ ಮೊದಲು ನಮಗೆ ಫೋನ್ ಮಾಡಬೇಕು. ಇದನ್ನು ಮೂರು ಮೂರು ಸಲ ಹೇಳುತ್ತೇನೆ. ಯಾಕೆಂದರೆ ಒಂದು ಮನೆಯಲ್ಲಿ ಪ್ರೀತಿಯಿಂದಲೇ ಬೆಕ್ಕಿಗೆ ಪ್ಯಾರಾಸಿಟಮಾಲ್ ಸಿರಪ್ ಕುಡಿಸಿದ್ದರು. ಬೆಕ್ಕಿಗೆ ಅದು ವಿಷ. ಉಳಿಯಲಿಲ್ಲ.

ತುಂಬ ಜನಕ್ಕೆ ನಮ್ಮ ಮಾತು ಸಿಟ್ಟು ತರಿಸಿತು. “ಮತ್ತೆ ನೀವು ಎಂತಕ್ಕೆ ಇರುವುದು?” ಅಂತ ಕೇಳಿದವರಿದ್ದಾರೆ. ರಾತ್ರಿ ನಿದ್ದೆ ಬಾರದ ಹಾಗೆ ಚುಚ್ಚುತ್ತದೆ ಆ ಮಾತು. ಆದರೂ ಹತ್ತರಲ್ಲಿ ನಾಲ್ಕೈದು ಮನೆಯವರು ಒಪ್ಪುತ್ತಾರೆ. ಒಪ್ಪಿದವರಲ್ಲಿ ಕೆಲವರು ಕೊನೆಗೆ ಆ ಮರಿಯನ್ನು ಬಿಟ್ಟುಕೊಡುವುದೇ ಇಲ್ಲ.

ಆಪರೇಷನ್ ಹೇಳಿದಷ್ಟು ಸುಲಭ ಅಲ್ಲ. 2021ರ ಡಿಸೆಂಬರ್‌ನಲ್ಲಿ ಬೀದಿ ನಾಯಿಗಳ ಆಪರೇಷನ್ ನಡೆಸುತ್ತಿದ್ದ ಕುಟುಂಬಶ್ರೀ (ಕೇರಳ ಸರಕಾರದ ಮಹಿಳಾ ಸ್ವಸಹಾಯ ಯೋಜನೆ) ಘಟಕಗಳು ಈ ಕೆಲಸ ಮಾಡದಂತೆ ಕೇರಳ ಹೈಕೋರ್ಟು ತಡೆಯಿತು, ಅವರಿಗೆ ಪ್ರಾಣಿ ಕಲ್ಯಾಣ ಮಂಡಳಿಯ ಮಾನ್ಯತೆ ಇರಲಿಲ್ಲ. ಕಾರಣ ಸರಿಯೇ ಇರಬಹುದು, ಆದರೆ ಮರಿ ಹಾಕುವುದು ಕೋರ್ಟಿಗಾಗಿ ಕಾಯುವುದಿಲ್ಲ ಅಲ್ವಾ? ನಾವು ಖಾಸಗಿ ಡಾಕ್ಟರ ಹತ್ತಿರ, ಕೆಲವೊಮ್ಮೆ ಮಂಗಳೂರಿಗೂ ಒಯ್ಯುತ್ತೇವೆ. ಹಿಂದಿನ ರಾತ್ರಿಯೇ ಹಿಡಿದು ಖಾಲಿ ಹೊಟ್ಟೆಯಲ್ಲಿ ಇಡಬೇಕು. ರಿಕ್ಷಾದ ಅಣ್ಣ ಹಿಂದಿನ ಸೀಟಿಗೆ ಗೋಣಿ ಹಾಸುತ್ತಾರೆ. ವಾಪಸ್ ಬಂದ ಮೇಲೆ ಡೆಟ್ಟಾಲ್ ಹಾಕಿ ತೊಳೆದು, ಒಣಗಿಸಿ, ಆಮೇಲೆ ಬಾಡಿಗೆಗೆ ಹೋಗುತ್ತಾರೆ. ಅರ್ಧ ದಿನದ ದುಡಿಮೆ ಹೋಗುತ್ತದೆ, ಇದುವರೆಗೆ ಒಂದು ಮಾತೂ ಆಡಿಲ್ಲ. ನಮ್ಮ ಮಳೆಯಲ್ಲಿ ಹೊಲಿಗೆ ಒಣಗುವುದಿಲ್ಲ, ಹಾಗಾಗಿ ನಾಯಿಗಳ ಆಪರೇಷನ್ ಆದಷ್ಟು ಅಕ್ಟೋಬರ್‌ನಿಂದ ಮೇ ಒಳಗೆ ಮುಗಿಸುತ್ತೇವೆ.

ಗುಣವಾದ ನಾಯಿಯನ್ನು ಹಿಡಿದಲ್ಲೇ ಬಿಡಬೇಕು ಎಂದು ಕೇಂದ್ರ ಸರಕಾರದ 2023ರ ಪ್ರಾಣಿ ಜನನ ನಿಯಂತ್ರಣ ನಿಯಮ ಹೇಳುತ್ತದೆ. ಇಲ್ಲೇ ಊರವರ ಜೊತೆ ಜಗಳ ಬರುವುದು. ನಾನು ಅವರ ಹೆದರಿಕೆಯನ್ನು ತಳ್ಳಿಹಾಕುವುದಿಲ್ಲ. ಬೆಳಗ್ಗೆ ಮದ್ರಸಕ್ಕೆ, ಶಾಲೆಗೆ ನಡೆದು ಹೋಗುವ ಮಕ್ಕಳ ಹಿಂದೆ ನಾಯಿ ಓಡಿದ್ದನ್ನು ನಾನೇ ನೋಡಿದ್ದೇನೆ. ಆ ಮಕ್ಕಳು ನನ್ನ ತರಗತಿಯವರೇ. ಈ ನಾಯಿಯನ್ನು ಸಾಗಿಸಿದರೆ ಖಾಲಿ ಜಾಗಕ್ಕೆ ಬೇರೆ ನಾಯಿಗಳು ಬರುತ್ತವೆ, ಅವುಗಳಿಗೆ ರೇಬೀಸ್ ಇಂಜೆಕ್ಷನ್ ಆಗಿರುವುದಿಲ್ಲ, ಇದಕ್ಕೆ ಆಗಿದೆ ಅಂತ ಕಿವಿಯಲ್ಲಿ ಕತ್ತರಿಸಿದ ಗುರುತು ತೋರಿಸುತ್ತೇವೆ. ಕರಪತ್ರ ಕನ್ನಡ, ಮಲಯಾಳ ಎರಡರಲ್ಲೂ ಉಂಟು. ಆದರೆ ಮಾತು ತುಳುವಿನಲ್ಲಿ ಶುರುವಾದರೆ ಬಾಗಿಲು ಬೇಗ ತೆರೆಯುತ್ತದೆ. ನಾವು ಏಳೂ ಜನ ಮುಂಚಿತವಾಗಿ ರೇಬೀಸ್ ಲಸಿಕೆ ತಕೊಂಡಿದ್ದೇವೆ. ಈ ಕೆಲಸಕ್ಕೆ ಇಳಿಯುವವರು ಮೊದಲು ಅದನ್ನು ಮಾಡಿ. ಲಸಿಕೆ ಆಗಿದ್ದರೂ ಕಚ್ಚಿದರೆ ಹದಿನೈದು ನಿಮಿಷ ಸೋಪು ಹಾಕಿ ಹರಿಯುವ ನೀರಿನಲ್ಲಿ ತೊಳೆದು ಆಸ್ಪತ್ರೆಗೆ ಹೋಗಲೇಬೇಕು.

ದುಡ್ಡಿನ ವಿಷಯ. ಹೆದ್ದಾರಿಯಲ್ಲಿ ಗಾಡಿ ಬಡಿದ ನಾಯಿಯ ಫೋಟೊ ಹಾಕಿದರೆ ಒಂದು ಗಂಟೆಯಲ್ಲಿ ಸಹಾಯ ಬರುತ್ತದೆ. ಹತ್ತು ಬೆಕ್ಕಿನ ಆಪರೇಷನ್ ಮಾಡಿಸಬೇಕು ಅಂತ ಬರೆದರೆ ಯಾರೂ ಮಾತಾಡುವುದಿಲ್ಲ. ಆ ಹತ್ತು ಬೆಕ್ಕು ಹಾಕುವ ಮರಿಗಳೇ ಮುಂದಿನ ಪೆಟ್ಟಿಗೆಗಳು. ಅದಕ್ಕೆ ಈಗ ಬಂದ ಹಣದಲ್ಲಿ ಗಾಯದ ಖರ್ಚು ಕಳೆದು ಉಳಿದದ್ದು ಆಪರೇಷನ್‌ಗೆ ಎಂದು ಮೊದಲೇ ಹೇಳಿಬಿಡುತ್ತೇವೆ. ಬ್ಯಾಂಕಿನ ಗೆಳತಿ ಪ್ರತಿ ಬಿಲ್ಲಿನ ಫೋಟೊ ಗ್ರೂಪಿಗೆ ಹಾಕುತ್ತಾಳೆ, ಸಿರಿಂಜಿನದ್ದೂ ಸೇರಿಸಿ. ಔಷಧಿ ಅಂಗಡಿಯ ಸಾಲ ಯಾವಾಗಲೂ ಇದ್ದೇ ಇರುತ್ತದೆ.

ಆ ಬಿಸ್ಕತ್ತಿನ ಪೆಟ್ಟಿಗೆ ಎಲ್ಲಿಂದ ಬಂತು ಅಂತ ಆಮೇಲೆ ಗೊತ್ತಾಯಿತು. ನೀರ್ಚಾಲು ಕಡೆಯ ಒಂದು ಮನೆ. ನಾನು ಹೋದಾಗ ಆ ಮನೆಯ ಅಮ್ಮ ಬಾಗಿಲ ಹಿಂದೆಯೇ ನಿಂತರು. ಬೈಯಲು ಬಂದಿಲ್ಲ, ತಾಯಿ ಬೆಕ್ಕನ್ನು ಕೇಳಲು ಬಂದಿದ್ದೇನೆ ಅಂದೆ. ಅದು ಹಿತ್ತಿಲಲ್ಲಿ ಇನ್ನೂ ಮರಿಗಳನ್ನು ಕರೆಯುತ್ತಾ ತಿರುಗುತ್ತಿತ್ತು. ಉಳಿದ ಮೂರನ್ನು ಅದರ ಹತ್ತಿರ ಇಟ್ಟೆ. ಮೂಸಿತು, ಪಕ್ಕಕ್ಕೆ ಬಿದ್ದುಕೊಂಡು ಹಾಲು ಕೊಟ್ಟಿತು. ಅಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಮರಿಗಳಿಗೆ ಎರಡು ತಿಂಗಳು ತುಂಬಿದ ಮೇಲೆ ತಾಯಿಗೆ ಆಪರೇಷನ್ ಆಯಿತು.

ಕಳೆದ ವಾರ ಅವರದೇ ಫೋನ್. “ಟೀಚರೇ, ಬದಿಯ ಮನೆಯ ಬೆಕ್ಕಿಗೆ ಹೊಟ್ಟೆ ದೊಡ್ಡದಾಗಿದೆ. ಬಿಡಬೇಡಿ, ನಮ್ಮ ಟೀಚರ ಹತ್ತಿರ ಕೇಳ್ತೇನೆ ಅಂತ ಹೇಳಿದ್ದೇನೆ. ನೀವು ಯಾವಾಗ ಬರ್ತೀರಿ?” ಭಾನುವಾರ ರಿಕ್ಷಾದ ಅಣ್ಣನ ಜೊತೆ ಹೋಗುತ್ತಿದ್ದೇನೆ.