ಕಿಬ್ಬೊಟ್ಟೆಯ ನೋವು: ವೈದ್ಯರ ಬಳಿ ಹೋಗುವ ಮೊದಲು, ಹೋದ ಮೇಲೆ

ಹೊಕ್ಕುಳಿನ ಕೆಳಭಾಗದಲ್ಲಿ ಆರು ತಿಂಗಳಿಗೂ ಮೀರಿ ಉಳಿಯುವ ಅಥವಾ ಮತ್ತೆ ಮತ್ತೆ ಮರುಕಳಿಸುವ ನೋವನ್ನು ವೈದ್ಯರು ದೀರ್ಘಕಾಲದ ಕಿಬ್ಬೊಟ್ಟೆ ನೋವೆಂದು ಪರಿಗಣಿಸುತ್ತಾರೆ. ನಮ್ಮ ಮನೆಗಳಲ್ಲಿ ಇದಕ್ಕೆ ಸಿಗುವ ಉತ್ತರ ಸಾಮಾನ್ಯವಾಗಿ ಒಂದೇ: "ಮುಟ್ಟಿನ ನೋವು ಯಾರಿಗಿಲ್ಲ? ಒಂದು ಮಗುವಾದರೆ ಸರಿಹೋಗುತ್ತದೆ." ಮುಟ್ಟಿನ ಮೊದಲ ದಿನ ಹೊಟ್ಟೆ ಹಿಂಡಿದಂತಾಗುವುದು ಸಹಜವೇ ಸರಿ, ಆದರೆ ಮಾತ್ರೆ ನುಂಗಿದರೂ ಶಾಲೆಗೋ ಕೆಲಸಕ್ಕೋ ಹೋಗಲಾಗದಷ್ಟು ನೋವು ಸಹಜವಲ್ಲ.

ಇದ್ದಕ್ಕಿದ್ದಂತೆ ತೀವ್ರ ನೋವು ಬಂದರೆ, ನೋವಿನೊಂದಿಗೆ ಜ್ವರ, ವಾಂತಿ ಅಥವಾ ತಲೆಸುತ್ತು ಇದ್ದರೆ, ಮುಟ್ಟು ತಪ್ಪಿದ ಮೇಲೆ ಒಂದು ಬದಿಯಲ್ಲಿ ನೋವೂ ರಕ್ತಸ್ರಾವವೂ ಕಾಣಿಸಿಕೊಂಡರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಗರ್ಭನಾಳದಲ್ಲಿ ನಿಂತ ಗರ್ಭ, ತಿರುಚಿಕೊಂಡ ಅಂಡಾಶಯ, ಅಪೆಂಡಿಸೈಟಿಸ್ ಇವು ಯಾವುವೂ ಬೆಳಗಾಗಲಿ ಎಂದು ಕಾಯುವ ಕಾಯಿಲೆಗಳಲ್ಲ.

ಉಳಿದವರು ಮೊದಲು ಮಾಡಬೇಕಾದದ್ದು ನೋವನ್ನು ಬರೆದಿಡುವ ಕೆಲಸ. ಹಾಲಿನ ಲೆಕ್ಕ ಗುರುತುಹಾಕುವ ಗೋಡೆಯ ಕ್ಯಾಲೆಂಡರೇ ಸಾಕು. ಇತರರ ಕಣ್ಣಿಗೆ ಬೀಳಬಾರದೆಂದರೆ ಮೊಬೈಲಿನಲ್ಲಿ ಬರೆದುಕೊಳ್ಳಬಹುದು. "14, ಮುಟ್ಟಿನ ಎರಡನೆಯ ದಿನ, ಎಡಗಡೆ, ನೋವು ಹತ್ತಕ್ಕೆ ಏಳು, ಮಲವಿಸರ್ಜನೆಯಾಗುವಾಗ ಚುಚ್ಚಿತು, ಮಾತ್ರೆ ತೆಗೆದುಕೊಂಡು ಎರಡು ಗಂಟೆಯಾದ ಮೇಲೆ ನಾಲ್ಕು, ಕೆಲಸಕ್ಕೆ ರಜೆ" ಎಂಬಂಥ ಒಂದೊಂದು ಸಾಲು ಎರಡು ಮೂರು ತಿಂಗಳು ಸೇರಿದರೆ, "ಆಗಾಗ ಹೊಟ್ಟೆ ನೋಯುತ್ತದೆ ಡಾಕ್ಟರೇ" ಎಂಬ ಮಾತು ಹೇಳಲಾರದ್ದನ್ನು ಅದು ಹೇಳುತ್ತದೆ.

ಕಾರಣದ ಸುಳಿವು ಸಿಗುವುದು ನೋವಿನ ಜೊತೆಗಾರರಿಂದ. ಮುಟ್ಟಿನ ಮುಂಚಿನಿಂದಲೇ ಶುರುವಾಗಿ, ಲೈಂಗಿಕ ಸಂಪರ್ಕದಲ್ಲೂ ಮಲವಿಸರ್ಜನೆಯಲ್ಲೂ ಕಾಡುವ ನೋವಾದರೆ ಎಂಡೋಮೆಟ್ರಿಯೋಸಿಸ್ ಇರಬಹುದು. ಗರ್ಭಕೋಶದ ಒಳಪದರವನ್ನು ಹೋಲುವ ಅಂಗಾಂಶವು ಅಂಡಾಶಯದ ಮೇಲೋ ಕರುಳಿನ ಮೇಲೋ ಬೆಳೆದು ಊತವನ್ನೂ ಅಂಟಿಕೆಯನ್ನೂ ಉಂಟುಮಾಡುವ ಈ ಕಾಯಿಲೆ, ಸಂತಾನೋತ್ಪತ್ತಿ ವಯಸ್ಸಿನ ಸುಮಾರು ಹತ್ತು ಮಹಿಳೆಯರಲ್ಲಿ ಒಬ್ಬರಿಗಿದೆ. ಸ್ಕ್ಯಾನಿಂಗ್ ವರದಿ ನಾರ್ಮಲ್ ಬಂದಿತೆಂಬ ಮಾತ್ರಕ್ಕೆ ಇದು ಇಲ್ಲವೆನ್ನಲಾಗದು. ದುರ್ವಾಸನೆಯ ಬಿಳಿಸೆರಗು ಮತ್ತು ಜ್ವರ ಸೋಂಕನ್ನು ಸೂಚಿಸುತ್ತವೆ. ನಮ್ಮ ದೇಶದಲ್ಲಿ ಜನನಾಂಗದ ಕ್ಷಯವನ್ನೂ ಮರೆಯುವಂತಿಲ್ಲ. ಮೂತ್ರಕೋಶ ತುಂಬಿದಂತೆ ಹೆಚ್ಚಿ, ಖಾಲಿಯಾದ ಮೇಲೆ ತಗ್ಗುವ ನೋವು ಬೇರೆ, ಹೊಟ್ಟೆಯುಬ್ಬರದೊಂದಿಗೆ ಬರುವ ಕರುಳಿನ ನೋವು ಬೇರೆ.

ಚಿಕಿತ್ಸೆ ಕಾರಣವನ್ನು ಅನುಸರಿಸುತ್ತದೆ. ಮೆಫೆನಾಮಿಕ್ ಆಸಿಡ್‌ನಂಥ ಮಾತ್ರೆಯನ್ನು ನೋವು ಏರಿದ ಮೇಲಲ್ಲ, ಅದು ಶುರುವಾಗುತ್ತಿದ್ದಂತೆಯೇ, ಊಟದ ನಂತರ ತೆಗೆದುಕೊಂಡರೆ ಫಲ ಹೆಚ್ಚು. ಹೊಟ್ಟೆಹುಣ್ಣು, ಮೂತ್ರಪಿಂಡದ ತೊಂದರೆ ಅಥವಾ ಅಸ್ತಮಾ ಇರುವವರು ವೈದ್ಯರನ್ನು ಕೇಳದೆ ನುಂಗಬಾರದು. ಎಂಡೋಮೆಟ್ರಿಯೋಸಿಸ್‌ಗೆ ಡೈನೋಜೆಸ್ಟ್‌ನಂಥ ಹಾರ್ಮೋನ್ ಮಾತ್ರೆಗಳಿವೆ, ಅಗತ್ಯಬಿದ್ದರೆ ಲ್ಯಾಪರೋಸ್ಕೋಪಿ, ಅಂದರೆ ಸಣ್ಣ ರಂಧ್ರದ ಮೂಲಕ ಕ್ಯಾಮೆರಾ ಇಳಿಸಿ ಮಾಡುವ ಶಸ್ತ್ರಚಿಕಿತ್ಸೆ ಇದೆ. ಲೈಂಗಿಕವಾಗಿ ಹರಡಿದ ಸೋಂಕಾದರೆ ಪತಿಗೂ ಚಿಕಿತ್ಸೆಯಾಗದಿದ್ದಲ್ಲಿ ಅದು ಮರಳಿ ಬರುತ್ತದೆ, ಇದನ್ನು ಹೇಳಲು ಸಂಕೋಚಪಡಬಾರದು.

ಹಲವರು ಕೇಳಿಯೇ ಇರದ ಇನ್ನೊಂದು ಕಾರಣ, ಸದಾ ಬಿಗಿಹಿಡಿದ ಶ್ರೋಣಿತಳದ ಸ್ನಾಯುಗಳು, ಅಂದರೆ ಮೂತ್ರಕೋಶ, ಗರ್ಭಕೋಶ, ಕರುಳನ್ನು ಕೆಳಗಿನಿಂದ ಹೊತ್ತಿರುವ ಸ್ನಾಯುಗಳು. ಮಲಗಿ ಮೊಣಕಾಲು ಮಡಚಿ, ಹೊಟ್ಟೆಯ ಮೇಲೆ ಅಂಗೈಯಿಟ್ಟು, ಅಂಗೈ ಮೇಲೇಳುವಂತೆ ಮೂಗಿನಿಂದ ನಿಧಾನವಾಗಿ ಉಸಿರೆಳೆದುಕೊಳ್ಳುತ್ತ ಗುದದ್ವಾರದ ಸುತ್ತಲ ಬಿಗಿಯನ್ನು ಸಡಿಲಬಿಡಬೇಕು. ದಿನಕ್ಕೆ ಐದು ನಿಮಿಷದಿಂದ ಆರಂಭಿಸಬಹುದು. ಈ ಸ್ನಾಯುಗಳನ್ನು ಬಲ್ಲ ಫಿಸಿಯೋಥೆರಪಿಸ್ಟ್ ಸಿಕ್ಕರೆ ಇನ್ನೂ ಒಳ್ಳೆಯದು. ಇಂಥವರಿಗೆ ಬಿಗಿಹಿಡಿಯುವ ಕೆಗೆಲ್ ವ್ಯಾಯಾಮ ನೋವನ್ನು ಹೆಚ್ಚಿಸಲೂಬಹುದು.

"ಗರ್ಭಕೋಶ ತೆಗೆಸಿಬಿಡಿ" ಎಂಬ ಸಲಹೆ ಮೊದಲ ಭೇಟಿಯಲ್ಲೇ ಬಂದರೆ ಎರಡನೆಯ ವೈದ್ಯರನ್ನು ಕಾಣುವುದು ಲೇಸು. ಕಲಬುರಗಿ ಜಿಲ್ಲೆಯಲ್ಲಿ ಬಡ ಮಹಿಳೆಯರ ಗರ್ಭಕೋಶವನ್ನು ಅನಗತ್ಯವಾಗಿ ತೆಗೆದರೆಂಬ ಆರೋಪಗಳು ದೊಡ್ಡ ಸುದ್ದಿಯಾಗಿದ್ದವು. ಕರುಳು, ಮೂತ್ರಕೋಶ ಅಥವಾ ಸ್ನಾಯುವಿನಿಂದ ಬಂದ ನೋವು ಗರ್ಭಕೋಶ ತೆಗೆದರೆ ಹೋಗುವುದಿಲ್ಲ. ಶಸ್ತ್ರಚಿಕಿತ್ಸೆ ನಿಜಕ್ಕೂ ಅಗತ್ಯವೆಂದಾದಾಗಲೂ, ಅಂಡಾಶಯಗಳನ್ನು ಉಳಿಸುತ್ತೀರಾ, ಇಲ್ಲವಾದರೆ ಏಕೆ ಎಂದು ಸಹಿ ಹಾಕುವ ಮೊದಲೇ ಕೇಳಿಕೊಳ್ಳಬೇಕು.